ತಪ್ಪೊಪ್ಪಿದ ಮೇಲೆ ಶುರುವಾಗುವ ಕೋರ್ಟು

ಕೋರ್ಟು ಎಂದೊಡನೆ ನೆನಪಾಗುವುದು ಒಂದೇ ಪ್ರಶ್ನೆ: ಮಾಡಿದ್ದು ಇವನೇ ಹೌದೋ ಅಲ್ಲವೋ? ಸಾಕ್ಷಿ, ಪಾಟೀಸವಾಲು, ವಾಯಿದೆ, ಮತ್ತೆ ವಾಯಿದೆ, ಎಲ್ಲವೂ ಆ ಪ್ರಶ್ನೆಗೇ ಸುತ್ತು ಹಾಕುತ್ತವೆ. ಅಮೆರಿಕದಲ್ಲಿ ಯೂತ್ ಕೋರ್ಟ್ ಅಥವಾ ಟೀನ್ ಕೋರ್ಟ್ ಎಂದು ಕರೆಯುವ ಒಂದು ಏರ್ಪಾಡಿದೆ. ಅಲ್ಲಿ ಬಹುಮಟ್ಟಿಗೆ ಈ ಪ್ರಶ್ನೆಯೇ ಏಳುವುದಿಲ್ಲ. ಅಂಗಡಿಯಲ್ಲಿ ಸಣ್ಣ ಸಾಮಾನೊಂದನ್ನು ಜೇಬಿಗಿಳಿಸಿದ ಹುಡುಗಿ, ಶಾಲೆಯ ಮೊಗಸಾಲೆಯಲ್ಲಿ ಸಹಪಾಠಿಯ ಮೂಗಿಗೆ ಗುದ್ದಿದ ಹುಡುಗ, ಯಾರದೋ ಗೋಡೆಗೆ ಬಣ್ಣ ಎರಚಿದವನು, ವಯಸ್ಸಾಗುವ ಮೊದಲೇ ಬಿಯರ್ ಬಾಟಲಿಯೊಂದಿಗೆ ಸಿಕ್ಕಿಬಿದ್ದವರು, ಇಂಥವರು ಮೊದಲೇ ತಪ್ಪೊಪ್ಪಿಕೊಂಡು ಅಲ್ಲಿಗೆ ಬರುತ್ತಾರೆ. ಎದುರು ಕೂತವರೂ ಅವರ ಓರಗೆಯವರೇ. ಒಬ್ಬಳು ತಪ್ಪು ಮಾಡಿದವನ ಪರ ಮಾತಾಡುವ ವಕೀಲೆ, ಇನ್ನೊಬ್ಬ ಊರಿನ ಪರ. ಕೂಗಿ ಕರೆಯುವ ಜವಾನ, ಬರೆದುಕೊಳ್ಳುವ ಗುಮಾಸ್ತೆ, ಸಾಲಾಗಿ ಕೂತ ಜ್ಯೂರಿ, ಕೆಲವು ಕಡೆ ಪೀಠದ ಮೇಲಿನ ನ್ಯಾಯಾಧೀಶರು ಕೂಡ ಹೈಸ್ಕೂಲು ಮಕ್ಕಳೇ. ಇಲ್ಲಿ ಕೊಡುವ ಶಿಕ್ಷೆಯೂ ಜೈಲಿನ ವಾಸನೆಯಿಲ್ಲದ್ದು: ಕೆಲವು ಗಂಟೆ ಸಮುದಾಯ ಸೇವೆ, ಕ್ಷಮಾಪಣೆ ಪತ್ರ, ನಷ್ಟ ತುಂಬಿಕೊಡುವುದು, ಒಂದು ಪ್ರಬಂಧ, ಒಂದೆರಡು ತರಗತಿ, ಮತ್ತು ಮುಂದೆ ಇನ್ನೊಬ್ಬರ ಕೇಸಿಗೆ ತಾನೇ ಜ್ಯೂರಿಯಾಗಿ ಕೂರುವುದು. ಅಷ್ಟನ್ನೂ ಮುಗಿಸಿದರೆ ಸಾಮಾನ್ಯವಾಗಿ ಮೂಲ ಕೇಸು ವಜಾ.

ಮಕ್ಕಳಿಗೆಂದೇ ಬೇರೆ ನ್ಯಾಯಾಲಯ ಬೇಕೆಂಬ ವಿಚಾರ ಅಮೆರಿಕದಲ್ಲಿ ಕಾರ್ಯರೂಪಕ್ಕೆ ಬಂದದ್ದು 1899ರಲ್ಲಿ, ಶಿಕಾಗೊ ನಗರದಲ್ಲಿ. ನೂರು ವರ್ಷದೊಳಗೆ ಆ ನ್ಯಾಯಾಲಯಗಳ ಮೇಲೆ ದೊಡ್ಡ ಕೇಸುಗಳ ಹೊರೆ ಎಷ್ಟು ಬಿತ್ತೆಂದರೆ, ಮೊದಲ ಸಲ ಸಣ್ಣ ತಪ್ಪು ಮಾಡಿದ ಮಕ್ಕಳನ್ನು ಗದರಿಸಿ ಕಳಿಸುವುದು ಬಿಟ್ಟು ಬೇರೆ ದಾರಿ ಉಳಿಯಲಿಲ್ಲ. ಈ ಖಾಲಿ ಜಾಗದಲ್ಲಿ ಬೆಳೆದದ್ದು ಯೂತ್ ಕೋರ್ಟು. ಅಲ್ಲೊಂದು ಇಲ್ಲೊಂದು ಮೊದಲೇ ಇದ್ದವಾದರೂ, ಟೆಕ್ಸಸ್ ರಾಜ್ಯದ ಒಡೆಸ್ಸಾ ಊರಿನಲ್ಲಿ 1983ರಲ್ಲಿ ಆರಂಭವಾದದ್ದೇ ಉಳಿದವಕ್ಕೆ ಮಾದರಿಯಾಯಿತು. 1994ರಲ್ಲಿ ದೇಶದಲ್ಲಿ ಎಂಬತ್ತಕ್ಕೂ ಕಡಿಮೆಯಿದ್ದ ಇವುಗಳ ಸಂಖ್ಯೆ ಹತ್ತು ಹನ್ನೊಂದು ವರ್ಷಗಳಲ್ಲಿ ಸಾವಿರ ದಾಟಿತು. ಖರ್ಚು ಕಡಿಮೆ, ಸ್ವಯಂಸೇವಕರು ಬೇಕಾದಷ್ಟು, ನೋಡಲು ಚೆಂದ. ರಾಜಕಾರಣಿಗಳಿಗೆ ಇಷ್ಟವಾಗಲು ಇನ್ನೇನು ಬೇಕು?

ಆದರೆ ತಪ್ಪು ಮಾಡಿದೆ ಎಂದು ಹುಡುಗ ಮೊದಲೇ ಹೇಳಿಬಿಟ್ಟಿದ್ದರೆ ಕೋರ್ಟಿಗೆ ಉಳಿಯುವ ಕೆಲಸವಾದರೂ ಯಾವುದು? ಎಷ್ಟು ಗಂಟೆ ಕಸ ಗುಡಿಸಬೇಕು ಎಂದು ಲೆಕ್ಕ ಹಾಕುವುದಷ್ಟೇ ಆದರೆ ಅದಕ್ಕೆ ಇಷ್ಟೊಂದು ವೇಷಭೂಷಣ ಬೇಡ, ಒಬ್ಬ ಗುಮಾಸ್ತ ಸಾಕು. ಯೂತ್ ಕೋರ್ಟಿಗೆ ಅರ್ಥ ಬರುವುದು ಮುಂದಿನ ಪ್ರಶ್ನೆಗಳನ್ನು ಕೇಳಿದಾಗ: ಜಗಳ ಹುಟ್ಟಿದ್ದು ಎಲ್ಲಿ, ಅದು ಹೊಡೆದಾಟಕ್ಕೆ ತಿರುಗುವ ಮುಂಚೆ ನಿಲ್ಲಬಹುದಾಗಿದ್ದ ತಾಣ ಯಾವುದು, ನಾಳೆ ಅದೇ ಇಬ್ಬರು ಅದೇ ಶಾಲೆಯಲ್ಲಿ ಎದುರಾದಾಗ ಏನು ಮಾಡುತ್ತಾರೆ? ಇವಕ್ಕೆ ಉತ್ತರ ಹುಡುಕುವುದು ಹುಟ್ಟಿನಿಂದ ಬರುವ ಗುಣವಲ್ಲ, ಕಲಿತು ಬರುವ ಕಸುಬು. ಈ ಕಸುಬನ್ನು ಕಲಿಸುವುದೇ ಯೂತ್ ಕೋರ್ಟಿನ ಅಸಲು ಕೆಲಸವಾಗಬೇಕು, ಅದೂ ಮೊದಲು ಜ್ಯೂರಿಯಲ್ಲಿ ಕೂರುವವರಿಗೆ, ಆಮೇಲೆ ಎದುರು ನಿಂತವರಿಗೆ ಎಂಬುದು ನನ್ನ ವಾದ. ಬಹಳಷ್ಟು ಕಡೆ ನಡೆಯುವುದು ಇದರ ತಿರುವುಮುರುವು. ಎದುರು ನಿಂತವನಿಗೆ ಜಗಳ ಬಿಡಿಸಿಕೊಳ್ಳುವ ತರಗತಿಯನ್ನು ಶಿಕ್ಷೆಯ ಪಟ್ಟಿಯಲ್ಲೊಂದು ಸಾಲಾಗಿ ಸೇರಿಸುತ್ತಾರೆ. ಕುರ್ಚಿಯಲ್ಲಿ ಕೂತವರಿಗೆ ಕಲಿಸುವುದು ವಾದ ಗೆಲ್ಲುವುದನ್ನು.

ಇಲ್ಲೊಂದು ಒಳವಿರೋಧವಿದೆ. ಕೋರ್ಟಿನ ವಿನ್ಯಾಸವೇ ಎರಡು ಪಕ್ಷಗಳದ್ದು. ಅಲಾಸ್ಕಾ ರಾಜ್ಯದ ಆ್ಯಂಕರೇಜ್ ನಗರದಲ್ಲಿ 1989ರಿಂದ ಇರುವ ಯೂತ್ ಕೋರ್ಟನ್ನು ನೋಡಿ. ಅಲ್ಲಿ ವಕೀಲರಾಗಬಯಸುವ ಮಕ್ಕಳು ಕಾನೂನಿನ ತರಗತಿಗೆ ಹೋಗಿ, ದೊಡ್ಡವರಂತೆ ಬಾರ್ ಪರೀಕ್ಷೆಯನ್ನೂ ಪಾಸು ಮಾಡಬೇಕು. ಅದು ಶ್ಲಾಘ್ಯವೇ. ಕಾನೂನು ಎಂದರೆ ಪೊಲೀಸಪ್ಪನ ಲಾಠಿ ಮಾತ್ರವಲ್ಲ ಎಂದು ಹದಿನಾಲ್ಕರ ಹುಡುಗಿಗೆ ತಿಳಿಯುವುದು ಸಣ್ಣ ಲಾಭವಲ್ಲ. ಆದರೆ ವಾದ ಮಂಡನೆಯ ಶಿಸ್ತು ಒಂದು, ಜಗಳ ಬಗೆಹರಿಸುವ ಶಿಸ್ತು ಇನ್ನೊಂದು. ವಕೀಲ ತನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಬಾರದು ಎನ್ನುತ್ತಾರೆ. ರಾಜಿ ಮಾಡಿಸಲು ಕೂತವನಿಗೆ ಉತ್ತರ ಗೊತ್ತಿರುವ ಪ್ರಶ್ನೆ ಕೇಳಿ ಪ್ರಯೋಜನವಿಲ್ಲ. ಮೊದಲನೆಯದನ್ನು ಮಾತ್ರ ಕಲಿತ ಹದಿಹರೆಯದವರು ತಮ್ಮದೇ ವಯಸ್ಸಿನ ಹುಡುಗನನ್ನು ಪ್ರಶ್ನೆಗಳಿಂದ ಮೂಲೆಗೊತ್ತಿದರೆ, ಅವನು ಅಲ್ಲಿಂದ ಕಲಿತುಹೋಗುವುದು ಮಾತಿನಲ್ಲೂ ಗುದ್ದಬಹುದು ಎಂಬುದನ್ನಷ್ಟೆ.

ಹಾಗಾದರೆ ಜಗಳ ಬಗೆಹರಿಸುವ ಪಾಠದಲ್ಲಿ ಇರುವುದೇನು? ಹೆಸರು ದೊಡ್ಡದು, ಒಳಗಿರುವುದು ಬಿಡಿಬಿಡಿಯಾದ ಕೆಲವು ಅಭ್ಯಾಸಗಳು. ಮೊದಲನೆಯದು ಕೇಳಿಸಿಕೊಳ್ಳುವುದು. ಎದುರಿನವನು ಹೇಳಿದ್ದನ್ನು, ಅವನು ಹೌದು ಎನ್ನುವ ಹಾಗೆ, ನಮ್ಮ ಮಾತಿನಲ್ಲಿ ಮರಳಿ ಹೇಳಿದ ಮೇಲೆಯೇ ನಮ್ಮ ಸರದಿ. ಒಂದು ಸಲ ಮನೆಯಲ್ಲಿ ಪ್ರಯತ್ನಿಸಿ ನೋಡಿದರೆ ಇದು ಎಷ್ಟು ಕಷ್ಟವೆಂದು ತಿಳಿಯುತ್ತದೆ. ಎರಡನೆಯದು ಹಟ ಮತ್ತು ಅಗತ್ಯವನ್ನು ಬೇರ್ಪಡಿಸುವುದು. ಮೇರಿ ಪಾರ್ಕರ್ ಫಾಲೆಟ್ ಎಂಬ ಅಮೆರಿಕದ ಚಿಂತಕಿ ಸುಮಾರು ನೂರು ವರ್ಷದ ಹಿಂದೆ ಹಾರ್ವರ್ಡ್ ಗ್ರಂಥಾಲಯದ ಕಿಟಕಿಯ ಉದಾಹರಣೆ ಕೊಟ್ಟಿದ್ದಳು. ಒಬ್ಬರಿಗೆ ಕಿಟಕಿ ತೆರೆಯಬೇಕು, ಅವಳಿಗೆ ಮುಚ್ಚಬೇಕು. ಅರ್ಧ ತೆರೆದರೆ ಇಬ್ಬರಿಗೂ ಅಸಮಾಧಾನ. ಪಕ್ಕದ ಖಾಲಿ ಕೋಣೆಯ ಕಿಟಕಿ ತೆರೆದರು. ಆತನಿಗೆ ಬೇಕಿದ್ದದ್ದು ಗಾಳಿ, ಇವಳಿಗೆ ಬೇಡವಾಗಿದ್ದದ್ದು ನೇರ ಮೈಮೇಲೆ ಬೀಸುವ ಕುಳಿರು. ಕಿಟಕಿ ಎನ್ನುವುದು ಹಟದ ಹೆಸರಾಗಿತ್ತು ಅಷ್ಟೆ. 1981ರಲ್ಲಿ ರೋಜರ್ ಫಿಶರ್ ಮತ್ತು ವಿಲಿಯಂ ಯೂರಿ ತಮ್ಮ ‘ಗೆಟಿಂಗ್ ಟು ಯೆಸ್’ ಪುಸ್ತಕದಲ್ಲಿ ಇದೇ ತಿಳಿವಳಿಕೆಯನ್ನು ವ್ಯವಹಾರ ಜಗತ್ತಿಗೆ ಹಂಚಿದರು. ಅಲ್ಲಿಂದ ಅದು ಶಾಲೆಗಳ ಪಾಠದೊಳಕ್ಕೂ ಇಳಿಯಿತು.

ಮೂರನೆಯ ಅಭ್ಯಾಸ ಮಾತಿನ ಕಟ್ಟಿಗೆ ಸಂಬಂಧಿಸಿದ್ದು. ಮನಶ್ಶಾಸ್ತ್ರಜ್ಞ ಥಾಮಸ್ ಗಾರ್ಡನ್ 1960ರ ದಶಕದಲ್ಲಿ ತಂದೆತಾಯಂದಿರಿಗೆ ತರಗತಿ ನಡೆಸುವಾಗ, ‘ನೀನು’ ಎಂದು ಶುರುವಾಗುವ ದೂರನ್ನು ‘ನಾನು’ ಎಂದು ಶುರುವಾಗುವ ಹೇಳಿಕೆಯಾಗಿ ತಿರುಗಿಸಲು ಕಲಿಸುತ್ತಿದ್ದ. ‘ನೀನು ಯಾವಾಗಲೂ ಹೀಗೆಯೇ’ ಎನ್ನುವ ಬದಲು, ಏನು ನಡೆಯಿತು, ಅದರಿಂದ ನನಗೇನಾಯಿತು ಎಂದು ಹೇಳುವುದು. ಕನ್ನಡದಲ್ಲಿ ಇದನ್ನು ಕಲಿಸುವುದಾದರೆ ‘ನಾನು’ ಅಲ್ಲ, ‘ನನಗೆ’ ಎಂಬಲ್ಲಿಂದ ಶುರು ಮಾಡಬೇಕಾದೀತು. ನಮ್ಮಲ್ಲಿ ಸಿಟ್ಟು, ಬೇಜಾರು, ಭಯ ಎಲ್ಲವೂ ನಮಗೆ ಬರುವಂಥವು, ಆಗುವಂಥವು. ಒಂದು ತಮಾಷೆಯೂ ಇದೆ: ಬೇರೆಯವರು ಸಿಟ್ಟು ಮಾಡಿಕೊಳ್ಳುತ್ತಾರೆ, ನಮಗೆ ಮಾತ್ರ ಸಿಟ್ಟು ತಾನಾಗಿ ಬರುತ್ತದೆ! ಭಾಷೆ ಕೊಡುವ ಈ ಸೌಕರ್ಯವೇ ನೆಪವೂ ಆಗಬಲ್ಲದು. ‘ಸಿಟ್ಟು ಬಂತು, ಹೊಡೆದೆ’ ಎಂಬ ಮಾತಿನಲ್ಲಿ ಎರಡು ಕ್ರಿಯೆಗಳ ನಡುವೆ ಒಂದು ಅಲ್ಪವಿರಾಮದಷ್ಟೇ ಜಾಗವಿದೆ. ಜಗಳ ಬಿಡಿಸುವ ಪಾಠವೆಲ್ಲ ಆ ಅಲ್ಪವಿರಾಮವನ್ನು ಹಿಗ್ಗಿಸುವ ಪ್ರಯತ್ನ.

ಹಿಗ್ಗಿಸಲು ಆಗುತ್ತದೆಯೇ ಎಂಬುದಕ್ಕೆ ನನಗೆ ಗೊತ್ತಿರುವ ಗಟ್ಟಿ ಪುರಾವೆ ಕೋರ್ಟಿನಿಂದ ಬಂದದ್ದಲ್ಲ, ಶಿಕಾಗೊದ ಶಾಲೆಗಳಿಂದ. ‘ಬಿಕಮಿಂಗ್ ಎ ಮ್ಯಾನ್’ ಎಂಬ ಕಾರ್ಯಕ್ರಮದಲ್ಲಿ ಹುಡುಗರು ವಾರಕ್ಕೊಂದು ಗಂಟೆ ಗುಂಪಾಗಿ ಕೂರುತ್ತಾರೆ. ಮೊದಲ ಆಟ ಸರಳ. ಇಬ್ಬಿಬ್ಬರ ಜೋಡಿ. ಒಬ್ಬನ ಮುಷ್ಟಿಯಲ್ಲಿ ಚೆಂಡು, ಅದನ್ನು ಪಡೆಯಲು ಇನ್ನೊಬ್ಬನಿಗೆ ಮೂವತ್ತು ಸೆಕೆಂಡು. ಹೆಚ್ಚುಕಡಿಮೆ ಎಲ್ಲರೂ ಕೈ ತಿರುಚುತ್ತಾರೆ, ಬೆರಳು ಬಿಡಿಸುತ್ತಾರೆ, ನೆಲಕ್ಕೆ ಬೀಳಿಸುತ್ತಾರೆ. ಆಟ ಮುಗಿದ ಮೇಲೆ ನಡೆಸುವವರು ಕೇಳುತ್ತಾರೆ: ಕೊಡು ಎಂದು ಯಾರೂ ಯಾಕೆ ಕೇಳಲಿಲ್ಲ? ಕೇಳಿದರೆ ಕೊಡುತ್ತಿರಲಿಲ್ಲ, ಪುಕ್ಕಲ ಅಂದುಕೊಳ್ಳುತ್ತಿದ್ದ ಎಂಬ ಉತ್ತರ ಬರುತ್ತದೆ. ಚೆಂಡು ಹಿಡಿದಿದ್ದವನನ್ನು ಕೇಳಿದರೆ, ಕೇಳಿದ್ದರೆ ಕೊಡುತ್ತಿದ್ದೆ, ಬರೀ ಚೆಂಡು ತಾನೇ ಎನ್ನುತ್ತಾನೆ. ಅರ್ಥಶಾಸ್ತ್ರಜ್ಞರ ತಂಡವೊಂದು ಸಾವಿರಾರು ಹುಡುಗರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಇದನ್ನು ಪರೀಕ್ಷಿಸಿತು. 2017ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಕಾರ್ಯಕ್ರಮ ನಡೆದ ಅವಧಿಯಲ್ಲಿ ಹಿಂಸೆಯ ಅಪರಾಧಗಳಿಗಾಗಿ ಆದ ಬಂಧನಗಳು ಶೇ 45ರಿಂದ 50ರಷ್ಟು ಇಳಿದವು. ಶಿಕಾಗೊ ಸೇರಿದ ಕೌಂಟಿಯ ಬಾಲಬಂಧನ ಕೇಂದ್ರದಲ್ಲಿ ಇಂಥದ್ದೇ ಪಾಠ ಪಡೆದವರು ಮತ್ತೆ ಒಳಗೆ ಬರುವುದು ಶೇ 21ರಷ್ಟು ಕಡಿಮೆಯಾಯಿತು. ಹಿಂಸೆ ಮಾಡಬೇಡಿ ಎಂದು ಉಪದೇಶಿಸಿದ್ದರಿಂದ ಅಲ್ಲ, ಮೊದಲು ಹೊಳೆದದ್ದನ್ನು ಮಾಡುವ ಮುನ್ನ ಒಂದು ಕ್ಷಣ ನಿಂತು ಇದು ಎಂಥ ಸಂದರ್ಭವೆಂದು ನೋಡಲು ಕಲಿಸಿದ್ದರಿಂದ ಹೀಗಾಯಿತು ಎಂಬುದು ಅವರ ವಿವರಣೆ.

ಯೂತ್ ಕೋರ್ಟುಗಳ ಲೆಕ್ಕ ಇಷ್ಟು ನೇರವಾಗಿಲ್ಲ. ಅರ್ಬನ್ ಇನ್‌ಸ್ಟಿಟ್ಯೂಟ್ ಎಂಬ ಸಂಶೋಧನಾ ಸಂಸ್ಥೆ 2002ರಲ್ಲಿ ನಾಲ್ಕು ರಾಜ್ಯಗಳ ಕೋರ್ಟುಗಳನ್ನು ಅಳೆದು ನೋಡಿತು. ಆರು ತಿಂಗಳೊಳಗೆ ಮತ್ತೆ ತಪ್ಪು ಮಾಡಿ ಸಿಕ್ಕಿಬಿದ್ದವರು ಅಲಾಸ್ಕಾದಲ್ಲಿ ಯೂತ್ ಕೋರ್ಟಿಗೆ ಹೋದವರಲ್ಲಿ ಶೇ 6, ಮಾಮೂಲಿ ದಾರಿಯಲ್ಲಿ ಹೋದವರಲ್ಲಿ ಶೇ 23. ಮಿಸೌರಿಯಲ್ಲಿ ಶೇ 9 ಮತ್ತು 28. ಅರಿಜೋನಾದಲ್ಲಿ ಶೇ 9 ಮತ್ತು 15, ಆದರೆ ಈ ಅಂತರ ಆಕಸ್ಮಿಕವಲ್ಲ ಎಂದು ಧೈರ್ಯವಾಗಿ ಹೇಳುವಷ್ಟು ದೊಡ್ಡದಲ್ಲ. ಮೇರಿಲ್ಯಾಂಡಿನಲ್ಲಿ ಲೆಕ್ಕ ಉಲ್ಟಾ: ಯೂತ್ ಕೋರ್ಟಿನವರು ಶೇ 8, ಪೊಲೀಸರೇ ಕಾಳಜಿಯಿಂದ ನಡೆಸುತ್ತಿದ್ದ ಪಕ್ಕದ ಕಾರ್ಯಕ್ರಮದವರು ಶೇ 4. ಅದೂ ಖಚಿತವೆನ್ನುವಷ್ಟು ಅಂತರವಲ್ಲ. ಇನ್ನೂ ಕಹಿಯಾದದ್ದು 2008ರಲ್ಲಿ ಬಂತು. ಮೇರಿಲ್ಯಾಂಡಿನಲ್ಲೇ ಮಕ್ಕಳನ್ನು ಚೀಟಿ ಎತ್ತಿ ಹಂಚಿ ನಡೆಸಿದ ಪ್ರಯೋಗದಲ್ಲಿ ಟೀನ್ ಕೋರ್ಟಿನಿಂದ ಲಾಭವೇ ಕಾಣಲಿಲ್ಲ. ತಾವಾಗಿ ಹೇಳಿಕೊಂಡ ತಪ್ಪುಗಳ ಲೆಕ್ಕದಲ್ಲಿ ಟೀನ್ ಕೋರ್ಟಿಗೆ ಹೋದವರೇ ಮುಂದಿದ್ದರು. ಮಾದರಿಯ ಉತ್ಸಾಹಿಗಳು ಈ ಅಧ್ಯಯನವನ್ನು ಅಷ್ಟಾಗಿ ಎತ್ತುವುದಿಲ್ಲ. ಎತ್ತಬೇಕು.

ಈ ಅಂಕಿಗಳನ್ನು ಹೇಗೆ ಓದುವುದು? ಟೀನ್ ಕೋರ್ಟು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಯೇ ತಪ್ಪು ಎಂದು ಓದಬಹುದು. ಶಾಲೆ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದಂತೆ ಅದು. ಒಳಗೆ ಏನು ಕಲಿಸುತ್ತಾರೆ ಎಂಬುದರ ಮೇಲೆ ಹೋಗುತ್ತದೆ. ನಾಲ್ಕು ರಾಜ್ಯಗಳ ಅಧ್ಯಯನದಲ್ಲಿ ಗೆದ್ದ ಎರಡೂ ಕಡೆ ನ್ಯಾಯಪೀಠದಲ್ಲಿ ಮಕ್ಕಳೇ ಇದ್ದರು. ಉಳಿದೆರಡು ಕಡೆ ಪೀಠ ದೊಡ್ಡವರದಾಗಿತ್ತು. ಎರಡೆರಡು ಊರಿನಿಂದ ಸಿದ್ಧಾಂತ ಕಟ್ಟಬಾರದು, ಅದೂ ಹೋಲಿಕೆಯ ಗುಂಪುಗಳನ್ನು ಚೀಟಿ ಎತ್ತಿ ಮಾಡಿರದಿದ್ದಾಗ. ಆದರೂ ಹೊಣೆ ನಿಜವಾಗಿ ಮಕ್ಕಳ ಕೈಗೆ ಬಂದಾಗ ಏನೋ ಬದಲಾಗುತ್ತದೆ ಎಂಬ ಸುಳಿವು ಅಲ್ಲಿದೆ. ಇದರ ಪಕ್ಕದಲ್ಲಿ ಶಿಕಾಗೊದ ಫಲಿತಾಂಶವನ್ನಿಟ್ಟರೆ, ಹೊಣೆಯ ಜೊತೆ ಕೌಶಲವನ್ನೂ ಕೊಡಬೇಕು ಎಂಬ ಊಹೆ ಬಲವಾಗುತ್ತದೆ. ಒಂದು ಸಂಜೆಯ ಕಲಾಪ ಮತ್ತು ಒಂದು ಪ್ರಬಂಧ ಯಾರ ರೂಢಿಯನ್ನೂ ಬದಲಿಸಲಾರವು. ಅದರಲ್ಲಿ ಆಶ್ಚರ್ಯಪಡುವಂಥದ್ದೂ ಇಲ್ಲ.

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ರೆಡ್ ಹುಕ್ ಎಂಬ ಬಂದರು ಪ್ರದೇಶವಿದೆ. 1992ರ ಡಿಸೆಂಬರಿನಲ್ಲಿ ಅಲ್ಲಿನ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯ ಪ್ಯಾಟ್ರಿಕ್ ಡೇಲಿ, ಜಗಳವಾಡಿ ಅಳುತ್ತಾ ಶಾಲೆ ಬಿಟ್ಟುಹೋದ ಒಂಬತ್ತು ವರ್ಷದ ಹುಡುಗನನ್ನು ಹುಡುಕುತ್ತಾ ಹೋದರು. ದಾರಿಯಲ್ಲಿ ಮಾದಕವಸ್ತು ಮಾರುವವರ ಗುಂಡಿನ ಕಾಳಗಕ್ಕೆ ಸಿಕ್ಕಿ ಸತ್ತರು. ಆ ಸಾವು ಊರನ್ನು ಅಲ್ಲಾಡಿಸಿತು. ಅಲ್ಲಿ ಸಮುದಾಯ ನ್ಯಾಯ ಕೇಂದ್ರವೊಂದು ಬೇಕೆಂಬ ಯೋಚನೆ ಬಲಿತು, 2000ದಲ್ಲಿ ಹಳೆಯ ಶಾಲಾ ಕಟ್ಟಡವೊಂದರಲ್ಲಿ ಅದು ಬಾಗಿಲು ತೆರೆಯಿತು. ಅದಕ್ಕೂ ಎರಡು ವರ್ಷ ಮೊದಲೇ ಯೂತ್ ಕೋರ್ಟು ಶುರುವಾಗಿತ್ತು. ಇಂಥ ನೆರೆಯಲ್ಲಿ ಮಕ್ಕಳ ಜಗಳವೆಂದರೆ ಮಕ್ಕಳ ಜಗಳವಷ್ಟೇ ಅಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಜ್ಯೂರಿಯ ಪ್ರಶ್ನೆಗಳೇ ಕಲಾಪದ ಜೀವ. ‘ಯಾಕೆ ಹೊಡೆದೆ?’ ಎಂದು ಕೇಳಿದರೆ ಹುಡುಗ ತನ್ನ ರಕ್ಷಣೆಗೆ ಇಳಿಯುತ್ತಾನೆ, ಏಕೆಂದರೆ ನಮ್ಮಲ್ಲೂ ಅವರಲ್ಲೂ ‘ಯಾಕೆ’ ಎಂಬುದು ಪ್ರಶ್ನೆಯ ವೇಷ ಹಾಕಿದ ಬೈಗುಳ. ‘ಹೊಡೆಯುವ ಮುಂಚಿನ ಐದು ನಿಮಿಷ ಏನಾಯಿತು ಹೇಳು’ ಎಂದರೆ ಕಥೆ ಹೊರಬರುತ್ತದೆ. ‘ಇದರಿಂದ ಯಾರಿಗೆಲ್ಲ ತೊಂದರೆಯಾಯಿತು?’ ಎಂದರೆ ಅವನು ಮೊದಲ ಸಲ ತನ್ನ ತಾಯಿ ಕೆಲಸಕ್ಕೆ ರಜೆ ಹಾಕಿ ಪಕ್ಕದಲ್ಲಿ ಕೂತಿರುವುದನ್ನು ನೋಡಿಯಾನು. ಈ ವ್ಯತ್ಯಾಸ ಹದಿನಾರರ ಜ್ಯೂರಿಗೆ ತಾನಾಗಿ ಹೊಳೆಯುವುದಿಲ್ಲ. ಹಲವು ವಾರ ಕೂತು ಅಭ್ಯಾಸ ಮಾಡಿಸಬೇಕು.

ಜಗಳದ ಕೇಸಿಗೆ ಇದೆಲ್ಲ ಸರಿ, ಆದರೆ ಯೂತ್ ಕೋರ್ಟಿಗೆ ಬರುವುದರಲ್ಲಿ ಅತಿ ಸಾಮಾನ್ಯವಾದದ್ದು ಸಣ್ಣ ಕಳ್ಳತನ, ಅಲ್ಲಿ ಬಗೆಹರಿಸಲು ಜಗಳವೆಲ್ಲಿದೆ ಎಂದು ಯಾರಾದರೂ ಕೇಳಬಹುದು. ಒಳ್ಳೆಯ ಆಕ್ಷೇಪ. ಆದರೆ ಹದಿಹರೆಯದ ಕಳ್ಳತನದಲ್ಲಿ ಅಂಗಡಿಯವನಿಗಿಂತ ಮುಖ್ಯವಾದವರು ಬಾಗಿಲ ಬಳಿ ಕಾಯುತ್ತಿರುವ ಗೆಳೆಯರು. 2005ರಲ್ಲಿ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟವಾಡಿಸಿ ನೋಡಿದರು. ಗೆಳೆಯರು ಪಕ್ಕದಲ್ಲಿ ಕೂತಾಗ ಹದಿಹರೆಯದವರು ತೆಗೆದುಕೊಳ್ಳುವ ಅಪಾಯ ಎದ್ದು ಕಾಣುವಷ್ಟು ಏರಿತು, ಇಪ್ಪತ್ತನಾಲ್ಕು ದಾಟಿದವರಲ್ಲಿ ಏರಲಿಲ್ಲ. ಅಂದಮೇಲೆ ಗೆಳೆತನ ಕಳೆದುಕೊಳ್ಳದೆ ‘ಬೇಡ ಕಣೋ’ ಎನ್ನುವುದು ಕೂಡ ಜಗಳ ನಿಭಾಯಿಸುವ ಕಲೆಯೇ, ಬಹುಶಃ ಅದರಲ್ಲಿ ಅತಿ ಕಷ್ಟದ್ದು. ಇದೇ ಪ್ರಯೋಗಕ್ಕೆ ಇನ್ನೊಂದು ಅಂಚೂ ಇದೆ. ಓರಗೆಯವರ ಮಾತಿಗೆ ಇಷ್ಟು ತೂಕವಿದ್ದರೆ, ಓರಗೆಯವರ ಜ್ಯೂರಿ ಅವಮಾನಿಸಿದಾಗ ಆಗುವ ಗಾಯವೂ ಅಷ್ಟೇ ಆಳ. ಮಕ್ಕಳು ಮಕ್ಕಳನ್ನು ತೂಗುವುದು ಕ್ರೂರವಾಗಬಹುದು ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ತರಬೇತಿಯಿಲ್ಲದ ಜ್ಯೂರಿಗಿಂತ ಜ್ಯೂರಿಯೇ ಇಲ್ಲದಿರುವುದು ಮೇಲು.

ಇನ್ನೊಂದು ಆಕ್ಷೇಪಕ್ಕೆ ಪೂರ್ತಿ ಉತ್ತರವಿಲ್ಲ. ಬಲೆ ಅಗ್ಗವಾದಷ್ಟೂ ಅದನ್ನು ಅಗಲವಾಗಿ ಬೀಸುತ್ತಾರೆ. ಯೂತ್ ಕೋರ್ಟು ಇಲ್ಲದಿದ್ದರೆ ಪೊಲೀಸ್ ಅಧಿಕಾರಿ ಬುದ್ಧಿ ಹೇಳಿ ಮನೆಗೆ ಕಳಿಸಿಬಿಡುತ್ತಿದ್ದ ಮಗುವನ್ನು ಈಗ ಕಟಕಟೆಗೆ ತಂದು ನಿಲ್ಲಿಸಿದರೆ ಉಪಕಾರವೆನ್ನುವುದು ಹೇಗೆ? ಅಲ್ಲದೆ ಬರುವ ಮುನ್ನ ತಪ್ಪೊಪ್ಪಿಕೊಳ್ಳಬೇಕೆಂಬ ಷರತ್ತು ನಿರಪರಾಧಿಯನ್ನೂ ಬೇಗ ಮುಗಿದರೆ ಸಾಕು ಎಂದು ತಲೆದೂಗಿಸಬಹುದು. 1967ರಲ್ಲಿ ಜೆರಾಲ್ಡ್ ಗಾಲ್ಟ್ ಎಂಬ ಹುಡುಗನ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಮಕ್ಕಳಿಗೂ ವಕೀಲರ ನೆರವು ಬೇಕು, ತನ್ನ ವಿರುದ್ಧ ತಾನೇ ಸಾಕ್ಷಿ ಹೇಳದಿರುವ ಹಕ್ಕು ಬೇಕು ಎಂದು ಎತ್ತಿಹಿಡಿದದ್ದು ಇಂಥ ಸದುದ್ದೇಶದ ಸಡಿಲತನದ ಎದುರಿಗೇ. ಆದ್ದರಿಂದ, ಹೇಗೂ ಬಾಲ ನ್ಯಾಯಾಲಯಕ್ಕೆ ಹೋಗುತ್ತಿದ್ದ ಕೇಸುಗಳನ್ನಷ್ಟೇ ಇಲ್ಲಿಗೆ ತರಬೇಕು. ಅದಕ್ಕಿಂತ ಹಗುರವಾದದ್ದಕ್ಕೆ ಜಗಳ ಬಿಡಿಸುವ ಪಾಠ ಬೇಕಾದರೆ ಶಾಲೆಯಲ್ಲೇ, ಕಟಕಟೆಯಿಲ್ಲದೆ ಕೊಡಬಹುದು. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ 1976ರಿಂದ ನೆರೆಹೊರೆಯ ತಕರಾರು ಬಿಡಿಸುತ್ತಿದ್ದ ಕಮ್ಯುನಿಟಿ ಬೋರ್ಡ್ಸ್ ಎಂಬ ಸಂಸ್ಥೆ 1980ರ ದಶಕದಲ್ಲಿ ಮಾಡಿದ್ದು ಅದನ್ನೇ. ವಿದ್ಯಾರ್ಥಿಗಳನ್ನೇ ಮಧ್ಯಸ್ಥರನ್ನಾಗಿ ತಯಾರು ಮಾಡಿತು. ಆದರೆ ಅಲ್ಲಿಯೂ ಒಂದು ಎಚ್ಚರ ಬೇಕು. ಒಬ್ಬನೇ ದಿನವೂ ಇನ್ನೊಬ್ಬನನ್ನು ಪೀಡಿಸುತ್ತಿದ್ದರೆ ಅದು ಜಗಳವಲ್ಲ. ಇಬ್ಬರನ್ನೂ ಎದುರುಬದುರು ಕೂರಿಸಿ ರಾಜಿ ಮಾಡಿಸಿದರೆ ಪೀಡೆ ಅನುಭವಿಸುತ್ತಿರುವವನಿಗೆ ನೀನೂ ಸ್ವಲ್ಪ ಹೊಂದಿಕೋ ಎಂದಂತಾಗುತ್ತದೆ. ನಮ್ಮ ಹಳ್ಳಿಯ ಪಂಚಾಯಿತಿ ಕಟ್ಟೆಗಳ ಮೇಲೆ ಬಲಹೀನರಿಗೆ ಎಷ್ಟೋ ಸಲ ಸಿಕ್ಕಿದ್ದು ಈ ಬಗೆಯ ರಾಜಿಯೇ.

ಬಡತನ, ವರ್ಣಭೇದ, ಬಂದೂಕು ತುಂಬಿದ ಬೀದಿಗಳನ್ನು ಬಿಟ್ಟು ಹುಡುಗನ ಮಾತುಗಾರಿಕೆ ತಿದ್ದಲು ಹೊರಟಿದ್ದೀರಿ ಎಂಬ ಟೀಕೆಯೂ ಇದೆ. ಶಿಕಾಗೊದ ಪಾಠ ಇದಕ್ಕೆ ಗೌರವದ ಉತ್ತರ ಕೊಡುತ್ತದೆ. ಅದು ಆ ಬೀದಿಯಲ್ಲಿ ತಿರುಗಿ ನಿಲ್ಲುವುದು ಮೂರ್ಖತನ ಎಂದು ಹೇಳುವುದಿಲ್ಲ. ಅಲ್ಲಿ ಒಮ್ಮೆ ಮಣಿದವನನ್ನು ಮತ್ತೆ ಮತ್ತೆ ಮಣಿಸುತ್ತಾರೆ ಎಂಬುದನ್ನು ಒಪ್ಪುತ್ತದೆ. ಬೀದಿಯಲ್ಲಿ ಜೀವ ಉಳಿಸುವ ಅದೇ ರೂಢಿಯನ್ನು ಟೋಪಿ ತೆಗೆ ಎಂದ ಮೇಷ್ಟರ ಮೇಲೂ ಬಳಸಿದಾಗ ಆಗುವ ಅನಾಹುತವನ್ನಷ್ಟೇ ತೋರಿಸುತ್ತದೆ. ಆದರೆ ಒಂದನ್ನು ಮುಚ್ಚಿಡುವಂತಿಲ್ಲ: ಅಲ್ಲಿ ಬಂಧನಗಳ ಇಳಿಕೆ ಕಾರ್ಯಕ್ರಮ ಮುಗಿದ ಮೇಲೆ ಉಳಿಯಲಿಲ್ಲ, ಓದು ಮುಗಿಸಿದವರ ಪ್ರಮಾಣ ಮಾತ್ರ ಏರಿತು. ಈಜು ಒಮ್ಮೆ ಕಲಿತರೆ ಮರೆಯದು, ಇದು ಹಾಗಲ್ಲ. ರಿಯಾಜು ನಿಂತರೆ ಸ್ವರ ಜಾರುತ್ತದೆ. ಯೂತ್ ಕೋರ್ಟಿನ ಅತಿ ಜಾಣ ನಿಯಮ ನನಗೆ ಮುಖ್ಯವಾಗಿ ಕಾಣುವುದು ಇಲ್ಲಿಯೇ. ವಾಷಿಂಗ್ಟನ್ನಿನಲ್ಲಿ ಎಡ್ಗರ್ ಕಾನ್ 1996ರಲ್ಲಿ ಕಟ್ಟಿದ ಟೈಮ್ ಡಾಲರ್ ಯೂತ್ ಕೋರ್ಟು, ತಪ್ಪು ಮಾಡಿ ಎದುರು ನಿಂತಿದ್ದವರನ್ನೇ ಮುಂದೆ ಜ್ಯೂರಿಯಲ್ಲಿ ಕೂರಿಸಿತು. ಬೇರೆ ಹಲವು ಕೋರ್ಟುಗಳಲ್ಲೂ ಈ ಷರತ್ತಿದೆ. ತನ್ನ ಕೇಸಿನಲ್ಲಿ ಕೇಳಿಸಿಕೊಂಡ ಪ್ರಶ್ನೆಯನ್ನು ಇನ್ನೊಬ್ಬನಿಗೆ ಕೇಳುವಾಗ ಹುಡುಗ ಅದನ್ನು ಎರಡನೆಯ ಸಲ ಕಲಿಯುತ್ತಾನೆ, ಈ ಸಲ ತಪ್ಪಿನ ಭಾರವಿಲ್ಲದೆ. ಬಹಳ ಕಡೆ ಇದನ್ನು ಶಿಕ್ಷೆಯ ಕೊನೆಯ ಕಂತೆಂದು ಎಣಿಸುತ್ತಾರೆ. ಪಾಠದ ಮೊದಲ ಕಂತೆಂದು ಎಣಿಸಿ, ಜ್ಯೂರಿಯ ತರಬೇತಿಗೆ ಅವನನ್ನೂ ಸೇರಿಸಿ ವರ್ಷವಿಡೀ ಕರೆದರೆ ಲೆಕ್ಕ ಬೇರೆಯಾದೀತು.

ಭಾರತದಲ್ಲಿ ಓರಗೆಯವರ ಜ್ಯೂರಿ ಇಲ್ಲ, ಅದನ್ನು ತರುವುದು ಸುಲಭವೂ ಅಲ್ಲ. 2015ರ ಬಾಲ ನ್ಯಾಯ ಕಾಯ್ದೆಯಡಿ ಮಂಡಳಿಯಲ್ಲಿ ಕೂರುವವರು ಒಬ್ಬ ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸಮಾಜ ಕಾರ್ಯಕರ್ತರು. ಮಗುವಿನ ಗುರುತು ಬಹಿರಂಗವಾಗಬಾರದು ಎಂಬ ನಿಯಮ ಬಿಗಿಯಾಗಿದೆ, ಬಿಗಿಯಾಗಿಯೇ ಇರಬೇಕು. ಆದರೂ ಈ ಕಾಯ್ದೆ ಬಾಲಾಪರಾಧಿ ಎಂಬ ಹಳೆಯ ಹಣೆಪಟ್ಟಿ ಬಿಟ್ಟು ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು’ ಎನ್ನುತ್ತದೆ. ಸಂಘರ್ಷವೆಂಬ ಪದವನ್ನು ಕಾಯ್ದೆಯೇ ಆರಿಸಿಕೊಂಡಿದೆ. ಅದರ 18ನೆಯ ಸೆಕ್ಷನ್ನಿನ ಪ್ರಕಾರ ಮಂಡಳಿ ಮಗುವನ್ನು ಬುದ್ಧಿ ಹೇಳಿ ಮನೆಗೆ ಕಳಿಸಬಹುದು, ಸಮುದಾಯ ಸೇವೆಗೆ ಹಚ್ಚಬಹುದು, ಗುಂಪು ಸಮಾಲೋಚನೆಯಲ್ಲಿ ಭಾಗವಹಿಸಲು ಆದೇಶಿಸಬಹುದು. ಆ ಗುಂಪು ಸುತ್ತು ಕೂತ ಮೇಲೆ ಏನು ನಡೆಯಬೇಕು ಎಂಬುದನ್ನು ಸೆಕ್ಷನ್ ಹೇಳುವುದಿಲ್ಲ.